ಗುಲಾಬಿಯ ಋತುವೂ ಝುಕಾಮೂ: ಆಹಾರ ಚಿಕಿತ್ಸೆಗೆ ನಮ್ಮ ಹಕೀಮರು ಕೊಟ್ಟ ಸ್ಥಾನ

ಇಸ್ಲಾಮಿನಲ್ಲಿ ಸೀನುವುದಕ್ಕೂ ಒಂದು ಶಿಷ್ಟಾಚಾರವಿದೆ. ಸೀನಿದವನು ‘ಅಲ್‌ಹಮ್ದುಲಿಲ್ಲಾಹ್’ ಎಂದು ಅಲ್ಲಾಹನನ್ನು ಸ್ತುತಿಸಬೇಕು. ಅದನ್ನು ಕೇಳಿದವನು ‘ಯರ್‌ಹಮುಕಲ್ಲಾಹ್’ ಎಂದು ಅವನಿಗಾಗಿ ಪ್ರಾರ್ಥಿಸಬೇಕು. ಸಲಮಃ ಇಬ್ನುಲ್ ಅಕ್ವಅ್(ರ) ವರದಿ ಮಾಡಿರುವ, ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾಗಿರುವ ಒಂದು ಹದೀಸ್ ಇಲ್ಲಿ ಗಮನಾರ್ಹ. ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿ ಒಬ್ಬರು ಸೀನಿದರು. ಪ್ರವಾದಿ(ಸ) ಅವರಿಗಾಗಿ ಪ್ರಾರ್ಥಿಸಿದರು. ಅವರು ಮತ್ತೆ ಸೀನಿದಾಗ, ಈ ವ್ಯಕ್ತಿಗೆ ಝುಕಾಮ್, ಅಂದರೆ ನೆಗಡಿಯಾಗಿದೆ ಎಂದು ತಿಳಿಸಿದರು. ಮತ್ತೆ ಮತ್ತೆ ಬರುವ ಸೀನು ಒಂದು ಕಾಯಿಲೆಯ ಲಕ್ಷಣ ಎಂಬ ಅರಿವು ಈ ಮಾತಿನಲ್ಲಿದೆ. ಅಲ್ಲಾಹನು ಔಷಧಿಯಿಲ್ಲದ ಯಾವ ರೋಗವನ್ನೂ ಇಳಿಸಿಲ್ಲ ಎಂಬ ಆಶಯದ ಹದೀಸ್ ಬುಖಾರಿಯಲ್ಲಿದೆ. ಕಾಯಿಲೆಯೆಂದು ಗುರುತಿಸಿದ ಮೇಲೆ ಅದರ ಕಾರಣವನ್ನೂ ಪರಿಹಾರವನ್ನೂ ಹುಡುಕುವುದು ಸತ್ಯವಿಶ್ವಾಸಿಯ ಹೊಣೆಯಾಗುತ್ತದೆ. ಮುಸ್ಲಿಮ್ ವೈದ್ಯರ ಇತಿಹಾಸವು ಈ ಹುಡುಕಾಟದ ಇತಿಹಾಸವೇ ಆಗಿದೆ.

ಇರಾನಿನ ರೈ ನಗರದಲ್ಲಿ ಜನಿಸಿದ ಅಬೂ ಬಕ್ರ್ ಮುಹಮ್ಮದ್ ಇಬ್ನು ಝಕರಿಯ್ಯಾ ಅಲ್ ರಾಝಿ (865-925) ಆ ಕಾಲದ ಅತ್ಯಂತ ಪ್ರಸಿದ್ಧ ವೈದ್ಯರು. ಸಿಡುಬು ಮತ್ತು ದಡಾರವನ್ನು ಬೇರೆ ಬೇರೆ ರೋಗಗಳೆಂದು ವಿವರಿಸಿದ ಗ್ರಂಥ ಅವರದು. ಅವರ ಸಮಕಾಲೀನರಾಗಿದ್ದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿಯವರಿಗೆ ಪ್ರತಿ ವಸಂತದಲ್ಲಿಯೂ, ಗುಲಾಬಿ ಅರಳಿ ಅದರ ಪರಿಮಳ ಮೂಗಿಗೆ ತಾಗಿದೊಡನೆ ಮೂಗು ಸುರಿಯುವ ತೊಂದರೆ ಕಾಣಿಸಿಕೊಳ್ಳುತ್ತಿತ್ತು. ಇದೇಕೆ ಹೀಗಾಗುತ್ತದೆಂದು ವಿವರಿಸಲು ರಾಝಿಯವರು ಒಂದು ಪ್ರತ್ಯೇಕ ಕಿರುಗ್ರಂಥವನ್ನೇ ಬರೆದರು. ಎಲ್ಲರಿಗೂ ಹಿತವೆನಿಸುವ ಗುಲಾಬಿ ಒಬ್ಬರಿಗೆ ಮಾತ್ರ, ಅದೂ ಒಂದು ಋತುವಿನಲ್ಲಿ ಮಾತ್ರ, ಕಷ್ಟವನ್ನುಂಟುಮಾಡುತ್ತದೆ ಎಂಬುದನ್ನು ಅವರು ಅಧ್ಯಯನಕ್ಕೆ ಯೋಗ್ಯವೆಂದು ಭಾವಿಸಿದರು. ಇಂದು ನಾವು ಋತುಮಾನದ ಅಲರ್ಜಿ ಎಂದು ಕರೆಯುವ ತೊಂದರೆಯ ಅತಿ ಹಳೆಯ ವಿವರಣೆಗಳಲ್ಲಿ ಇದೂ ಒಂದೆಂದು ವೈದ್ಯಕೀಯ ಇತಿಹಾಸಕಾರರು ಪರಿಗಣಿಸುತ್ತಾರೆ.

ಯುರೋಪಿನಲ್ಲಿ ಈ ತೊಂದರೆಯ ಸ್ಪಷ್ಟ ವರ್ಣನೆ ಬಂದದ್ದು ಸುಮಾರು 900 ವರ್ಷಗಳ ನಂತರ. 1819ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೋಸ್ಟಾಕ್ ಪ್ರತಿ ಬೇಸಿಗೆಯಲ್ಲಿ ತನ್ನನ್ನೇ ಕಾಡುತ್ತಿದ್ದ ಕಣ್ಣುರಿ ಮತ್ತು ಸೀನುಗಳ ಬಗ್ಗೆ ಬರೆದನು. 1873ರಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ಇದಕ್ಕೆ ಹುಲ್ಲಿನ ಪರಾಗವೇ ಕಾರಣವೆಂದು ತನ್ನ ಮೇಲೆಯೇ ಪ್ರಯೋಗ ನಡೆಸಿ ತೋರಿಸಿದನು. ‘ಅಲರ್ಜಿ’ ಎಂಬ ಪದವನ್ನು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ರೂಪಿಸಿದ್ದು 1906ರಲ್ಲಿ. ಪರಾಗದ ಬಗ್ಗೆ ರಾಝಿಯವರ ಕಾಲಕ್ಕೆ ತಿಳಿದಿರಲಿಲ್ಲ. ದೇಹದ ದ್ರವಗಳ ಏರುಪೇರಿನಿಂದ ರೋಗ ಬರುತ್ತದೆ, ತಲೆಯಿಂದ ದ್ರವವು ಕೆಳಗಿಳಿಯುತ್ತದೆ ಎಂಬ ಗ್ರೀಕ್ ಸಿದ್ಧಾಂತವೇ ಅಂದಿನ ಆಧಾರವಾಗಿತ್ತು. ‘ನಝ್ಲಾ’ ಎಂಬ ಪದದ ಅರ್ಥವೂ ಇಳಿಯುವುದು ಎಂದೇ. ಗಂಟಲಿಗೆ ಇಳಿದರೆ ನಝ್ಲಾ, ಮೂಗಿನಿಂದ ಸುರಿದರೆ ಝುಕಾಮ್. ಸಿದ್ಧಾಂತ ಹಳತಾಗಿದೆ, ಆದರೆ ಋತು, ಗಾಳಿ ಮತ್ತು ರೋಗಿಯ ಪ್ರಕೃತಿ ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದ ಅವರ ದೃಷ್ಟಿ ಹಳತಾಗಿಲ್ಲ.

ಇಂತಹ ತೊಂದರೆಯಲ್ಲಿ ಆಹಾರದ ಪಾತ್ರವೇನು? ಯೂನಾನಿ ವೈದ್ಯಶಾಸ್ತ್ರವು ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತದೆ. ಇವುಗಳನ್ನು ‘ಅಸ್ಬಾಬೆ ಸಿತ್ತಾ ಝರೂರಿಯ್ಯಾ’ ಎನ್ನುತ್ತಾರೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣೆ ಎಂಬುವೇ ಆ ಆರು. ಗಾಳಿಯ ಸ್ಥಾನ ಮೊದಲನೆಯದು, ಆಹಾರದ್ದು ಎರಡನೆಯದು ಎಂಬುದನ್ನು ಓದುಗರು ಗಮನಿಸಬೇಕು. ಚಿಕಿತ್ಸೆಯಲ್ಲಿಯೂ ದಿನಚರಿಯ ಚಿಕಿತ್ಸೆ, ಆಹಾರ ಚಿಕಿತ್ಸೆ, ಔಷಧ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಎಂಬ ವಿಭಾಗಗಳಿವೆ. ಆಹಾರವು ಗೌರವದ ಸ್ಥಾನ ಪಡೆದಿದೆ. ಆದರೆ ಅದೊಂದೇ ಸಾಕೆಂದು ನಮ್ಮ ಹಕೀಮರು ಭಾವಿಸಿರಲಿಲ್ಲ.

12ನೆಯ ಶತಮಾನದ ಕೊನೆಯಲ್ಲಿ ಕೈರೋದಲ್ಲಿದ್ದ ಯಹೂದಿ ವೈದ್ಯ ಮೂಸಾ ಇಬ್ನು ಮೈಮೂನ್ ಇದಕ್ಕೆ ಒಳ್ಳೆಯ ಉದಾಹರಣೆ. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಆಸ್ಥಾನದೊಂದಿಗೆ ಸಂಬಂಧ ಹೊಂದಿದ್ದ ಅವರು ಉಬ್ಬಸದ ಬಗ್ಗೆ ಅರಬಿಯಲ್ಲಿ ಒಂದು ಗ್ರಂಥ ಬರೆದರು. ಅದರ ಬಹುಭಾಗ ಆಹಾರದ ಕುರಿತಾದದ್ದು. ಕೋಳಿಯ ಸಾರನ್ನು ಅವರು ಮೆಚ್ಚಿದರು. ಜೊತೆಗೆ ಶುದ್ಧ, ಒಣ ಗಾಳಿಯ ಮಹತ್ವವನ್ನೂ ಅಷ್ಟೇ ಒತ್ತಿ ಹೇಳಿದರು.

ಈ ವಿದ್ಯೆ ನಮ್ಮ ನಾಡಿಗೂ ಬಂದಿತು. ಬಿಜಾಪುರದ ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ‘ದಸ್ತೂರುಲ್ ಅತಿಬ್ಬಾ’ ಎಂಬ ವೈದ್ಯಗ್ರಂಥವನ್ನು ಪಾರ್ಸಿಯಲ್ಲಿ ರಚಿಸಿ, ಭಾರತೀಯ ವೈದ್ಯಪದ್ಧತಿಯ ತಿಳಿವಳಿಕೆಯನ್ನು ಮುಸ್ಲಿಮ್ ವೈದ್ಯರಿಗೆ ತಲುಪಿಸಿದನು. ಅನ್ಯರ ಜ್ಞಾನವನ್ನು ಸ್ವೀಕರಿಸಲು ಆತ ಸಂಕೋಚಪಡಲಿಲ್ಲ. ಇಂದು ಅದೇ ಪರಂಪರೆಯ ಒಂದು ಕೇಂದ್ರ ಪಶ್ಚಿಮ ಬೆಂಗಳೂರಿನಲ್ಲಿಯೇ ಇದೆ. 1984ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಯೂನಾನಿ ವೈದ್ಯಕೀಯ ಸಂಸ್ಥೆ ಮಾಗಡಿ ಮುಖ್ಯರಸ್ತೆಯ ಕೊಟ್ಟಿಗೆಪಾಳ್ಯದಲ್ಲಿದ್ದು, 2004ರಿಂದ ಅಲ್ಲಿ ಸ್ನಾತಕೋತ್ತರ ಶಿಕ್ಷಣ ನಡೆಯುತ್ತಿದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕುಟುಂಬಗಳಿಗೆ ಅದು ದೂರವೇನಲ್ಲ.

ಈ ಬಡಾವಣೆಗಳಲ್ಲಿ ಗುಲಾಬಿಯ ಸ್ಥಾನವನ್ನು ಬೇರೊಂದು ಗಿಡ ಆಕ್ರಮಿಸಿದೆ. ನಾವು ಕಾಂಗ್ರೆಸ್ ಹುಲ್ಲು ಎಂದು ಕರೆಯುವ ಪಾರ್ಥೇನಿಯಂ ಅಮೆರಿಕ ಖಂಡದ ಮೂಲದ್ದು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಬಳಿಕ ಅದು ದೇಶದಾದ್ಯಂತ ಹರಡಿತು. ಮಳೆ ಬಿದ್ದ ಮೇಲೆ ಖಾಲಿ ನಿವೇಶನಗಳಲ್ಲಿ, ರೈಲು ಹಳಿಗಳ ಬದಿಯಲ್ಲಿ, ಕೆಂಗೇರಿಯ ಕಡೆಯ ಬಯಲುಗಳಲ್ಲಿ ಬೆಳೆದು ಬಿಳಿ ಹೂ ಬಿಡುತ್ತದೆ. ಇದರ ಪರಾಗ ಮೂಗಿನ ಅಲರ್ಜಿಗೆ ಕಾರಣವಾದರೆ, ಗಿಡದ ಸ್ಪರ್ಶ ಚರ್ಮದ ಅಲರ್ಜಿಗೆ ಕಾರಣವಾಗುತ್ತದೆ. ಹೂ ಬಿಡುವ ಮೊದಲೇ ಕೈಗವಸು ತೊಟ್ಟು ಅದನ್ನು ಬೇರುಸಹಿತ ಕೀಳುವುದು, ಧೂಳು ಹೆಚ್ಚಿರುವಾಗ ಮೂಗು ಬಾಯಿ ಮುಚ್ಚಿಕೊಳ್ಳುವುದು, ಹೊರಗಿನಿಂದ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಾಯಿಸುವುದು ಮೊದಲ ಚಿಕಿತ್ಸೆ. ವುಝೂವಿನಲ್ಲಿ ಮೂಗಿಗೆ ನೀರೇರಿಸಿ ಸ್ವಚ್ಛಗೊಳಿಸುವ ಸುನ್ನತ್ತನ್ನು ಇಬಾದತ್ತೆಂದೇ ಪಾಲಿಸುತ್ತೇವೆ. ಅದರಿಂದ ಮೂಗಿನೊಳಗಿನ ಧೂಳೂ ತೊಳೆದುಹೋಗುತ್ತದೆ.

ಇನ್ನು ಆಹಾರ. ನಝ್ಲಾ ಝುಕಾಮ್‌ಗೆ ಯೂನಾನಿ ಮನೆಗಳಲ್ಲಿ ಕುದಿಸುವ ಜೋಶಾಂದಾದಲ್ಲಿ ಉನ್ನಾಬ್, ಸಪಿಸ್ತಾನ್ ಎನ್ನುವ ಚಳ್ಳೆಹಣ್ಣು, ಜ್ಯೇಷ್ಠಮಧು, ಬನಫ್ಷಾ ಹೂ ಮುಂತಾದವು ಇರುತ್ತವೆ. ಬಿಸಿ ಪಾನೀಯ ಮತ್ತು ಶೋರ್ಬಾ ಕಫವನ್ನು ಸಡಿಲಗೊಳಿಸಿ ಗಂಟಲಿಗೆ ಹಿತ ನೀಡುತ್ತವೆ. ಹಝ್ರತ್ ಆಯಿಶಾ(ರ) ರೋಗಿಗಳಿಗೆ ಸೂಚಿಸುತ್ತಿದ್ದ ಬಾರ್ಲಿಯ ಗಂಜಿ ತಲ್ಬೀನಾ ಹಗುರವಾದ ಆಹಾರ. ಕುರ್‌ಆನ್ ಜೇನಿನಲ್ಲಿ ಉಪಶಮನವಿದೆಯೆಂದು ತಿಳಿಸುತ್ತದೆ. ಅದು ಕೆಮ್ಮನ್ನು ತಗ್ಗಿಸುವುದನ್ನು ವೈದ್ಯರೂ ಒಪ್ಪುತ್ತಾರೆ. ಹದೀಸ್‌ನಲ್ಲಿ ಪ್ರಶಂಸೆಗೊಳಗಾದ ಕಲೊಂಜಿಯು ಮೂಗಿನ ಅಲರ್ಜಿಯನ್ನು ಸ್ವಲ್ಪ ಶಮನಗೊಳಿಸುವ ಸೂಚನೆ ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡುಬಂದಿದೆ.

ಆದರೆ ಇವುಗಳಿಗೆ ಮಿತಿಯಿದೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಿಂದ ಬೊಟುಲಿಸಂ ಎಂಬ ಮಾರಕ ವಿಷಬಾಧೆ ಉಂಟಾಗಬಹುದು. ಜ್ಯೇಷ್ಠಮಧುವಿನ ಅತಿ ಸೇವನೆ ರಕ್ತದೊತ್ತಡವನ್ನು ಏರಿಸುತ್ತದೆ. ಹಾಲು ಕಫ ಹೆಚ್ಚಿಸುತ್ತದೆಂಬ ನಂಬಿಕೆಗೆ ಪರೀಕ್ಷೆಗಳಲ್ಲಿ ಆಧಾರ ದೊರೆತಿಲ್ಲ. ವೈದ್ಯರು ಹೇಳದೆ ಬೆಳೆಯುವ ಮಕ್ಕಳಿಗೆ ಅದನ್ನು ನಿಲ್ಲಿಸುವುದು ಸರಿಯಲ್ಲ. ಎಲ್ಲಕ್ಕಿಂತ ಗಂಭೀರವಾದ ಸಂಗತಿಯೆಂದರೆ, ‘ಸುನ್ನತ್ತಿನ ಔಷಧಿ ಇರುವಾಗ ಇನ್ಹೇಲರ್ ಏಕೆ?’ ಎಂಬ ಮಾತು. ಅಲರ್ಜಿಯ ನೆಗಡಿಯೊಂದಿಗೆ ಉಬ್ಬಸವೂ ಇರುವ ಮಗುವಿಗೆ ಇನ್ಹೇಲರ್ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಉಸಿರಾಟದಲ್ಲಿ ಸಿಳ್ಳೆಯಂತಹ ಸದ್ದು, ಮಾತನಾಡಲೂ ಆಗದ ಏದುಸಿರು ಕಂಡರೆ ಕಷಾಯ ಕುದಿಸುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೀಗೆ ಹೇಳುವುದು ಪರಂಪರೆಗೆ ವಿರುದ್ಧವಲ್ಲ. ರಾಝಿಯವರು ಮಿದುಳಿನ ಜ್ವರದ ಲಕ್ಷಣಗಳಿದ್ದ ರೋಗಿಗಳಲ್ಲಿ ಕೆಲವರಿಗೆ ರಕ್ತ ತೆಗೆದು, ಇನ್ನು ಕೆಲವರನ್ನು ಉದ್ದೇಶಪೂರ್ವಕವಾಗಿ ಹಾಗೆಯೇ ಬಿಟ್ಟು, ಫಲಿತಾಂಶವನ್ನು ಹೋಲಿಸಿ ನೋಡಿದವರು. ಗುರುವೆಂದು ಗೌರವಿಸಿದ ಗ್ಯಾಲೆನ್‌ನ ಮಾತುಗಳ ಮೇಲೂ ಸಂದೇಹಗಳನ್ನೆತ್ತಿ ಗ್ರಂಥ ಬರೆದವರು. ಅವರ ನಿಜವಾದ ವಾರಸುದಾರರು ಪರೀಕ್ಷಿಸಿ ಒಪ್ಪುವವರೇ ಹೊರತು, ಮೊಬೈಲಿಗೆ ಬಂದ ಸಂದೇಶವನ್ನು ಪರಿಶೀಲಿಸದೆ ಮುಂದಕ್ಕೆ ಕಳುಹಿಸುವವರಲ್ಲ.

ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡುವಂತೆ ಪ್ರವಾದಿ(ಸ) ಕಲಿಸಿದ್ದಾರೆ. ಗಾಳಿಯನ್ನು ಶುದ್ಧವಾಗಿಡುವುದು, ಹಿತಮಿತವಾಗಿ ಉಣ್ಣುವುದು, ಬೇಕಾದಾಗ ವೈದ್ಯರ ಔಷಧಿ ಪಡೆಯುವುದು, ಇವು ಮೂರೂ ಆ ಕಟ್ಟುವಿಕೆಯೇ ಆಗಿವೆ. ಗುಣಪಡಿಸುವವನು ಅಲ್ಲಾಹನೊಬ್ಬನೇ. ಅವನು ನಮ್ಮ ರೋಗಿಗಳಿಗೆ ಸಂಪೂರ್ಣ ಶಿಫಾ ದಯಪಾಲಿಸಲಿ. ನಮ್ಮ ಮನೆಗಳಿಗೆ ಆರೋಗ್ಯವನ್ನೂ ವಿವೇಕವನ್ನೂ ಕರುಣಿಸಲಿ. ಆಮೀನ್.