ಆನರ್ಸ್ ಥೀಸಿಸ್: ಬರೀಬೇಕಾ, ಬಿಡಬೇಕಾ?

ಡಿಗ್ರಿ ಓದ್ತಿರೋ ಕೇಳುಗರು ನನ್ನನ್ನ ಆಗಾಗ ಕೇಳೋ ಪ್ರಶ್ನೆ ಇದು: ನಾಲ್ಕನೇ ವರ್ಷ ಕೂತು ಆನರ್ಸ್ ಥೀಸಿಸ್ ಬರೀಲಾ, ಇಲ್ಲಾ ಮೂರಕ್ಕೇ ಮುಗಿಸಿ ಕೆಲಸ ಹುಡುಕ್ಲಾ? ನಾನು ಓದಿದ್ದು ಮೂರು ವರ್ಷದ ಬಿಕಾಂ. ಈ ಆಯ್ಕೆ ನನ್ನ ಮುಂದೆ ಬರಲೇ ಇಲ್ಲ. ಹಾಗಾಗಿ ಬರೆದವರ ಕಥೆ ನೋಡೋಣ.

1940, ಹಾರ್ವರ್ಡ್. ಕೊನೆಯ ವರ್ಷದಲ್ಲಿದ್ದ 22ರ ಹುಡುಗ ಜಾನ್ ಎಫ್. ಕೆನಡಿ ಒಂದು ಪ್ರಶ್ನೆ ಹಿಡಿದ: 1938ರ ಮ್ಯೂನಿಕ್ ಒಪ್ಪಂದದಲ್ಲಿ ಬ್ರಿಟನ್ ಹಿಟ್ಲರ್‌ಗೆ ಯಾಕೆ ಮಣೀತು? ಆ ಥೀಸಿಸ್ ಅದೇ ವರ್ಷ 'ವೈ ಇಂಗ್ಲೆಂಡ್ ಸ್ಲೆಪ್ಟ್' ಅನ್ನೋ ಪುಸ್ತಕವಾಯ್ತು, ಚೆನ್ನಾಗಿ ಮಾರಾಟಾನೂ ಆಯ್ತು. ಆದ್ರೆ ಲೆಕ್ಕದ ಇನ್ನೊಂದು ಕಾಲಂ ನೋಡಿ. ಅಪ್ಪ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿ. 1939ರಲ್ಲಿ ಮಗ ಯುರೋಪ್ ಸುತ್ತಿ ಬಂದಿದ್ದ. ಪುಸ್ತಕ ಮಾಡೋಕೆ ಹೆಸರಾಂತ ಪತ್ರಕರ್ತ ಆರ್ಥರ್ ಕ್ರಾಕ್ ನೆರವಾದ್ರು. ಪ್ರಶ್ನೆ ಹುಡುಗನದ್ದೇ, ದಾರಿ ಮಾತ್ರ ಮನೆಯವರು ಹಾಕಿಕೊಟ್ಟಿದ್ದು.

1989, ಪ್ರಿನ್ಸ್‌ಟನ್. ಅಲ್ಲಿ ಥೀಸಿಸ್ ಕಡ್ಡಾಯ. ವೆಂಡಿ ಕಾಪ್ ಅನ್ನೋ ವಿದ್ಯಾರ್ಥಿನಿ ಕೇಳಿದ್ದು: ಆಗಷ್ಟೇ ಪದವಿ ಮುಗಿಸಿದವರು ಬಡ ಮಕ್ಕಳ ಶಾಲೆಗಳಲ್ಲಿ ಎರಡು ವರ್ಷ ಪಾಠ ಮಾಡಿದ್ರೆ ಹೇಗೆ? ಥೀಸಿಸ್ ಕಪಾಟು ಸೇರಲಿಲ್ಲ. ಕಾಪ್ ಕಂಪನಿಗಳಿಗೆ ಪತ್ರ ಬರೆದು ದುಡ್ಡು ಕೇಳಿದ್ರು. 1990ರಲ್ಲಿ 'ಟೀಚ್ ಫಾರ್ ಅಮೆರಿಕ' ಹೆಸರಲ್ಲಿ ಸುಮಾರು 500 ಯುವಕ ಯುವತಿಯರು ತರಗತಿಗೆ ಹೋದ್ರು. ಇಷ್ಟು ಕಡಿಮೆ ತರಬೇತಿ ಸಾಕಾ ಅನ್ನೋ ಟೀಕೆ ಇವತ್ತಿಗೂ ಇದೆ. ಬೆಂಗಳೂರಲ್ಲೂ ಕೆಲಸ ಮಾಡೋ 'ಟೀಚ್ ಫಾರ್ ಇಂಡಿಯಾ' ಇದೇ ಮಾದರಿಯದ್ದು.

ಈಗ ನಮ್ಮೂರಿಗೆ ಬರೋಣ. ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಪದವಿ ತಂದು, 2024-25ರಿಂದ ಮೂರು ವರ್ಷಕ್ಕೇ ಮರಳಿತು. ಆಯ್ಕೆ ಇರೋ ಕಡೆ ಯುಜಿಸಿಯ 2022ರ ಚೌಕಟ್ಟು ಹೀಗೆ ಹೇಳುತ್ತೆ: ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇ. 75 ಅಂಕ ಇದ್ರೆ ನಾಲ್ಕನೇ ವರ್ಷ ಸಂಶೋಧನೆ ಮಾಡಬಹುದು, ಪ್ರಬಂಧಕ್ಕೆ 12 ಕ್ರೆಡಿಟ್. ಆಮೇಲೆ ಒಂದೇ ವರ್ಷದ ಸ್ನಾತಕೋತ್ತರ ಪದವಿಗೆ ಅವಕಾಶ ಇದೆ. ನಾಲ್ಕು ವರ್ಷದ ಪದವೀಲಿ ಶೇ. 75 ಇದ್ರೆ ನೇರ ಪಿಎಚ್‌ಡಿ ಪ್ರವೇಶಕ್ಕೂ ಅರ್ಜಿ ಹಾಕಬಹುದು.

ಆ 75 ನಿಮಗೆ ಅರ್ಹತೆ ಇದೆಯಾ ಅಂತ ಹೇಳುತ್ತೆ, ಅಷ್ಟೇ. ಬರೀಬೇಕಾ ಅನ್ನೋದನ್ನ ಹೇಳಲ್ಲ. ಕಾಮರ್ಸ್ ಬುದ್ಧಿ ನನ್ನದು, ಖರ್ಚಿನಿಂದ ಶುರು ಮಾಡ್ತೀನಿ: ಒಂದು ವರ್ಷದ ಫೀಸು, ಹಾಸ್ಟೆಲ್, ಕೈಬಿಟ್ಟ ಸಂಬಳ. ಮನೇಲಿ ಆ ಸಂಬಳಕ್ಕೆ ಕಾಯ್ತಿದ್ರೆ ಮೂರಕ್ಕೇ ಮುಗಿಸೋದು ಸೋಲಲ್ಲ. ಖರ್ಚು ತಡ್ಕೊಳ್ಳೋಕೆ ಆಗುತ್ತೆ ಅಂದ್ರೆ ಎರಡು ವಿಷಯ ನೋಡಿ. ನಿಮ್ಮ ಡ್ರಾಫ್ಟ್ ಓದಿ ತಿದ್ದೋ ಗೈಡ್ ಸಿಗ್ತಾರಾ? ಅಂಕ ಕೊಡದಿದ್ರೂ ನಿಮ್ಮನ್ನ ಕಾಡೋ ಪ್ರಶ್ನೆ ಒಂದಿದೆಯಾ?

'ಜಿಎಸ್‌ಟಿ' ಅನ್ನೋದು ಬರೀ ವಿಷಯ. 'ಜಿಎಸ್‌ಟಿ ಬಂದ ಮೇಲೆ ನಮ್ಮ ಬೀದಿಯ ಕಿರಾಣಿ ಅಂಗಡಿಯವರು ಸಾಲದ ಲೆಕ್ಕ ಬರೆಯೋ ರೀತಿ ಬದಲಾಯ್ತಾ?' ಅನ್ನೋದು ಪ್ರಶ್ನೆ. ಫಾರಂ ತುಂಬೋ ಮೊದಲು ನಿಮ್ಮದನ್ನ ಹೀಗೆ ಒಂದೇ ಸಾಲಲ್ಲಿ ಬರೆದು, ಒಬ್ಬ ಮೇಷ್ಟ್ರಿಗೆ ತೋರಿಸಿ.

ಮುಂದಿನ ಸಂಚಿಕೇಲಿ ಸಿಗೋಣ.