ಕಾಲಿನ ಅಪಧಮನಿಯ ಮಾಯುವಿಕೆ ಮತ್ತು ಔಷಧಲೇಪಿತ ಸ್ಟೆಂಟ್: ಒಂದು ಐತಿಹಾಸಿಕ ವಿವೇಚನೆ

ಗಾಯವು ಮಾಯುವುದು ಶುಭವೆಂಬುದೇ ಲೋಕದ ನಂಬಿಕೆ. ಆದರೆ ಮಾಯುವಿಕೆಯು ಮಿತಿಮೀರಿದರೆ ಅದೇ ಕೇಡಾಗುವುದೆಂಬುದನ್ನು ಕಾಲಿನ ಅಪಧಮನಿಗಳ ಚಿಕಿತ್ಸೆಯ ಇತಿಹಾಸವು ತೋರಿಸಿಕೊಡುತ್ತದೆ. ಅದರ ಮುಖ್ಯ ಘಟ್ಟಗಳನ್ನು ನಾವಿಲ್ಲಿ ಸಂಗ್ರಹವಾಗಿ ಪರಿಶೀಲಿಸುತ್ತೇವೆ.

1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಚಾರ್ಲ್ಸ್ ಡಾಟರ್ ಅವರು, ಪಾದವು ಕೊಳೆಯತೊಡಗಿದ್ದರೂ ಕಾಲನ್ನು ಕತ್ತರಿಸಲು ಒಪ್ಪದಿದ್ದ 82 ವರ್ಷದ ವೃದ್ಧೆಯೊಬ್ಬರ ತೊಡೆಯ ಅಪಧಮನಿಯನ್ನು ನಳಿಕೆಗಳಿಂದ ಹಿಗ್ಗಿಸಿದರು. ಕಾಲು ಉಳಿಯಿತು. ಹಿಗ್ಗಿದ ನಾಳಕ್ಕೆ ಒಳಗಿನಿಂದ ಆಧಾರವೀಯುವ ಉದ್ದೇಶದಿಂದ 1969ರಲ್ಲಿ ಅವರೇ ನಾಯಿಗಳ ಅಪಧಮನಿಗಳಲ್ಲಿ ಲೋಹದ ಸುರುಳಿಗಳನ್ನಿಟ್ಟ ಪ್ರಯೋಗವನ್ನು ಪ್ರಕಟಿಸಿದರು. 1974ರಲ್ಲಿ ಜ್ಯೂರಿಕ್‌ನ ಆಂಡ್ರಿಯಾಸ್ ಗ್ರುಂಟ್ಸಿಗ್ ಅವರು ಬಲೂನನ್ನು ಬಳಕೆಗೆ ತಂದರು.

ಬಲೂನೂ ಸ್ಟೆಂಟೂ ನಾಳದ ಒಳಮೈಯನ್ನು ಗಾಯಗೊಳಿಸುತ್ತವೆ. ಮೊದಲು ಅಲ್ಲಿ ರಕ್ತವು ಹೆಪ್ಪುಗಟ್ಟಿ ಉರಿಯೂತವುಂಟಾಗುತ್ತದೆ. ತರುವಾಯ ನಡುಪದರದ ಸ್ನಾಯುಕೋಶಗಳು ಒಳಕ್ಕೆ ಸರಿದು, ವೃದ್ಧಿಹೊಂದಿ, ಹೊಸ ಪದರವೊಂದನ್ನು ನಿರ್ಮಿಸುತ್ತವೆ. ಇದರ ಮೇಲೆ ಎಂಡೋಥೀಲಿಯಮ್ ಎಂಬ ತೆಳುಹೊದಿಕೆಯು ಹರಡಿದಾಗ ಗಾಯವು ಮಾಯಿತೆನ್ನಬಹುದು. ಹೊಸ ಪದರವು ಮಿತಿಮೀರಿದರೆ ನಾಳವು ಮತ್ತೆ ಕಿರಿದಾಗುತ್ತದೆ. ತೊಡೆಯ ಅಪಧಮನಿಯಾದರೋ ನಡೆಯುವಾಗಲೂ ಕುಳಿತುಕೊಳ್ಳುವಾಗಲೂ ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಒಳಗಿನ ಸ್ಟೆಂಟ್ ಅದರ ಗೋಡೆಯನ್ನು ಕೆರಳಿಸುತ್ತಲೇ ಇರುತ್ತದೆ. ಆದುದರಿಂದ ಹೃದಯದ ನಾಳಗಳಲ್ಲಿ ಸುಮಾರು ಆರು ತಿಂಗಳಲ್ಲಿ ಪ್ರಬಲವಾಗುವ ಈ ಕಿರಿದಾಗುವಿಕೆಯು ಇಲ್ಲಿ ಒಂದು ವರ್ಷದವರೆಗೂ ಮುಂದುವರಿಯುತ್ತದೆ.

ಹೃದಯದಲ್ಲಿ ಯಶಸ್ಸು ಕಂಡ ಸಿರೋಲಿಮಸ್ ಲೇಪನವನ್ನು ಕಾಲಿನಲ್ಲಿ ಪರೀಕ್ಷಿಸಿದ ಸಿರೊಕ್ಕೊ ಅಧ್ಯಯನದಲ್ಲಿ, ಎರಡು ವರ್ಷಗಳ ಅನಂತರ ಬರಿಯ ಸ್ಟೆಂಟಿಗಿಂತ ಗಣನೀಯವಾದ ಮೇಲ್ಮೆಯೇನೂ ಕಾಣಲಿಲ್ಲ. ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ ಮೊದಲು ದೊರೆತ ಪ್ಯಾಕ್ಲಿಟ್ಯಾಕ್ಸೆಲ್ ಔಷಧವು ಕೋಶವಿಭಜನೆಯನ್ನು ತಡೆಯುತ್ತದೆ. ಅದನ್ನು ಲೇಪಿಸಿದ ಜಿಲ್ವರ್ ಪಿಟಿಎಕ್ಸ್ ಸ್ಟೆಂಟಿಗೆ 2012ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಐದು ವರ್ಷಗಳ ಅನಂತರ ಇದನ್ನು ಪಡೆದವರಲ್ಲಿ ಶೇಕಡಾ 66.4ರಷ್ಟು ನಾಳಗಳೂ, ಬಲೂನಿನಿಂದ ಆರಂಭಿಸುವ ರೂಢಿಯ ಚಿಕಿತ್ಸೆಯಲ್ಲಿ ಶೇಕಡಾ 43.4ರಷ್ಟು ನಾಳಗಳೂ ತೆರೆದಿದ್ದುವು.

ಆದರೆ ಔಷಧಕ್ಕೆ ವಿವೇಚನೆಯಿಲ್ಲ. ಸ್ನಾಯುಕೋಶಗಳನ್ನು ತಡೆಯುವ ಅದೇ ಶಕ್ತಿಯು ಎಂಡೋಥೀಲಿಯಮ್ಮಿನ ಹರಡುವಿಕೆಯನ್ನೂ ನಿಧಾನಗೊಳಿಸುತ್ತದೆ. ಹೊದಿಕೆಯಿಲ್ಲದ ಲೋಹದ ಮೇಲೆ ರಕ್ತವು ಹೆಪ್ಪುಗಟ್ಟಬಹುದಾದ ಕಾರಣದಿಂದಲೇ ರೋಗಿಗೆ ಹೆಪ್ಪುನಿರೋಧಕ ಗುಳಿಗೆಗಳನ್ನು ವಿಧಿಸುವುದು. 2018ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು, ಈ ಔಷಧವುಳ್ಳ ಸಾಧನಗಳಿಂದ ಮರಣಪ್ರಮಾಣವು ಹೆಚ್ಚಬಹುದೆಂಬ ಆತಂಕವನ್ನೂ ತಂದಿತು. ಹೆಚ್ಚಿನ ದತ್ತಾಂಶಗಳನ್ನು ಪರಿಶೀಲಿಸಿದ ಅಮೆರಿಕದ ಔಷಧನಿಯಂತ್ರಣ ಸಂಸ್ಥೆಯು 2023ರಲ್ಲಿ ಅದಕ್ಕೆ ಆಧಾರವಿಲ್ಲವೆಂದು ತೀರ್ಮಾನಿಸಿತು.

ಇಂತು, ನಾಳವನ್ನು ತೆರೆಯುವುದು ಈ ಚರಿತ್ರೆಯ ಪೂರ್ವಾರ್ಧವಾದರೆ, ಅದನ್ನು ಹದವರಿತು ಮಾಯಗೊಡುವುದು ಉತ್ತರಾರ್ಧ. ಮೊದಲನೆಯದು ಕೆಲವು ನಿಮಿಷಗಳ ಕಾರ್ಯ. ಎರಡನೆಯದಕ್ಕೆ ತಿಂಗಳುಗಳೇ ಬೇಕು. ಕಾಲು ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಈ ಎರಡನೆಯದನ್ನೇ ಅವಲಂಬಿಸಿದೆಯೆಂಬುದು ನಮ್ಮ ಅಭಿಪ್ರಾಯ.