ಗುಲಾಬದಾನಿ ಯಾರಿಗಾಗಿ?



ಹಬ್ಬ ಹತ್ತಿರ ಬಂದರೆ ಹುಬ್ಬಳ್ಳಿಯ ಕಮರಿಪೇಟೆಯ ಮನೆಗಳಲ್ಲಿ ಬೆಳ್ಳಿ ಸಾಮಾನು ಕಪಾಟಿನಿಂದ ಹೊರಗೆ ಬರುತ್ತದೆ. ತಟ್ಟೆ, ಲೋಟ, ಕುಂಕುಮದ ಭರಣಿ, ಉದ್ದ ಕೊರಳಿನ ಗುಲಾಬದಾನಿ. ವಿಭೂತಿ ಹಚ್ಚಿ ತಿಕ್ಕಿದರೆ ಕಪ್ಪು ಹೋಗಿ ಹೊಳೆಯತೊಡಗುತ್ತವೆ. ಮದುವೆ ಮನೆಯ ಬಾಗಿಲಲ್ಲಿ ಪುಟ್ಟ ಹುಡುಗಿಯೊಬ್ಬಳು ಪನ್ನೀರು ಚಿಮುಕಿಸಿದಾಗ ನಾವು ಕ್ಷಣಹೊತ್ತು ಅರಸರಾಗುತ್ತೇವೆ. ಏಕೆಂದರೆ ಒಂದು ಕಾಲಕ್ಕೆ ಈ ಮರ್ಯಾದೆ ಅರಮನೆಯದಾಗಿತ್ತು.

ದರ್ಬಾರಿನಲ್ಲಿ ಅತ್ತರು, ತಾಂಬೂಲ ಕೊಡುವುದು ಬರೀ ಉಪಚಾರವಾಗಿರಲಿಲ್ಲ, ಅಂತಸ್ತಿನ ಅಳತೆಯಾಗಿತ್ತು. ಬ್ರಿಟಿಷರ ದರ್ಬಾರಿನಲ್ಲಿ ದೊಡ್ಡ ಸಂಸ್ಥಾನಿಕರಿಗೆ ವೈಸರಾಯರೇ ಕೈಯಾರೆ ಕೊಡುತ್ತಿದ್ದರು. ಚಿಕ್ಕವರಿಗೆ ಅಧಿಕಾರಿಗಳು ಕೊಡುತ್ತಿದ್ದರು. ಯಾರ ಕೈಯಿಂದ ಸಿಕ್ಕಿತು ಎಂಬುದರ ಮೇಲೆ ಮನುಷ್ಯನ ಬೆಲೆ! ಜಯಪುರದ ಮಹಾರಾಜ ಎರಡನೆಯ ಮಾಧೋಸಿಂಗ್ 1902ರಲ್ಲಿ ಲಂಡನ್ನಿಗೆ ಹೊರಟಾಗ ಗಂಗಾಜಲ ಒಯ್ದದ್ದು ತಲಾ ಸುಮಾರು 345 ಕಿಲೋ ತೂಕದ ಬೆಳ್ಳಿಯ ಹಂಡೆಗಳಲ್ಲಿ. ನೀರಿಗಿಂತ ಹಂಡೆಯೇ ಹೆಚ್ಚು ಮಾತಾಡಿತು.

ನಮ್ಮ ನಾಡಿನಲ್ಲಿ ಇಂಥ ವೈಭವದ ತವರು ಬೀದರ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ಕಲಬುರಗಿಯಿಂದ ಅಲ್ಲಿಗೆ ರಾಜಧಾನಿ ಬದಲಿಸಿದರು. ಬಿದರಿ ಕಲೆ ಆ ಊರಿನ ಹೆಸರನ್ನೇ ಹೊತ್ತಿದೆ. ಹುಕ್ಕಾದ ಬುಡ, ಪಾನದಾನ, ಪೀಕದಾನಿ, ಹೂದಾನಿ ಎಲ್ಲವೂ ದಖನ್ನಿನ ನವಾಬರ, ಜಾಗೀರದಾರರ ಮನೆಗಳನ್ನು ಸೇರಿದವು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೂ ಹೋದವು.

ಮಾಡುವ ಬಗೆಯನ್ನು ಗಮನಿಸಿರಿ. ಸತುವಿನ ಜೊತೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಬಳ್ಳಿ, ಹೂವು ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚುತ್ತಾರೆ. ಉಳಿದ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ನವಾಬರ ಪಾತ್ರೆಗೆ ಅಂದ ಕೊಟ್ಟದ್ದು ಕಾಲ ಕೆಳಗಿನ ಮಣ್ಣು!

ಪಾತ್ರೆಯಿಂದ ಮನೆತನಕ್ಕೆ ಹೆಸರು ಬಂತು; ಮಾಡಿದ ಕೈಗಳ ಹೆಸರು ಹೆಚ್ಚಾಗಿ ಎಲ್ಲಿಯೂ ಉಳಿಯಲಿಲ್ಲ. ಅರಸೊತ್ತಿಗೆ ಹೋಯಿತು, ಹುಕ್ಕಾ ಆರಿತು. ಕುಶಲಕರ್ಮಿಯ ಉಳಿ ಮಾತ್ರ ನಿಲ್ಲಲಿಲ್ಲ. 2006ರಲ್ಲಿ ಬಿದರಿ ಕಲೆಗೆ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ, ಪಾತ್ರೆಯ ಹಿಂದಿನ ಕೈಯನ್ನು ನಾಡು ಹೆಸರು ಹಿಡಿದು ಕರೆಯಿತು.

ಈಗ ನಮ್ಮ ಮನೆಗೆ ಬರೋಣ. ನಾವು ಅರಸರಲ್ಲ, ಆದರೂ ದರ್ಬಾರಿನ ಲೆಕ್ಕ ನಮ್ಮಲ್ಲಿ ಉಳಿದಿದೆ. ಸಾಹುಕಾರ ಬೀಗರು ಬಂದರೆ ಬೆಳ್ಳಿಯ ಲೋಟ; ಮುಸುರೆ ತಿಕ್ಕುವ ತಾಯಿಗೆ ಹಿತ್ತಲ ಕಿಟಕಿಯಲ್ಲಿಟ್ಟ ಬೇರೆ ಲೋಟ. ಹಬ್ಬದ ಬೆಳ್ಳಿಯನ್ನು ಬೆಳಗಿಸಿದವಳು ಅವಳೇ ಅಲ್ಲವೇ? ಬಾಗಿಲಲ್ಲಿ ನಿಂತ ಆ ಪುಟ್ಟ ಹುಡುಗಿ ಬಂದವರ ಅಂತಸ್ತು ಕೇಳುವುದಿಲ್ಲ, ಎಲ್ಲರ ಮೇಲೂ ಪನ್ನೀರು ಚಿಮುಕಿಸುತ್ತಾಳೆ. ಈ ಹಬ್ಬಕ್ಕೆ ನಾವು ಅವಳಿಂದ ಅಷ್ಟನ್ನು ಕಲಿತರೆ ಸಾಕು. ಕಪಾಟಿನ ಬೆಳ್ಳಿಗೆ ಆಗ ನಿಜವಾದ ಹೊಳಪು ಬರುತ್ತದೆ.